ಅಡಿಮಾತು ಬೇಕೆಂದ ಏಡಿ

ಮಕ್ಕಳೇ, ಮತ್ತಿಮರಗಳ ಕಾಡಿನ ನಡುವೆ ಬಟ್ಟಲುಕೊಳ ಅಂತ ಒಂದು ಕೊಳ. ಅದರ ಪೂರ್ವದ ದಂಡೆಯಲ್ಲಿ ಒಂದು ಹೊಂಗೆಮರ, ಮರದ ಬುಡದಲ್ಲಿ ಒಂದು ಬಿಲ, ಬಿಲದಲ್ಲಿ ಚಿಪ್ಪಯ್ಯ ಎಂಬ ಏಡಿ. ಬೇರೆ ಏಡಿಗಳೆಲ್ಲ ಬೆಳಗೆದ್ದು ಹುಳ ಹುಡುಕಲು ಹೊರಟರೆ ನಮ್ಮ ಚಿಪ್ಪಯ್ಯ ಬರೆಯಲು ಹೊರಡುತ್ತಿದ್ದ.

ಎಲ್ಲಿ ಬರೆಯುತ್ತಿದ್ದ ಅಂತೀರಾ? ಕೆಸರಿನ ಮೇಲೆ! ಮೊದಲು ದಂಡೆಯ ಕೆಸರನ್ನು ಹೊಟ್ಟೆಯಿಂದ ಉಜ್ಜಿ ಉಜ್ಜಿ ದೋಸೆಕಲ್ಲಿನ ಹಾಗೆ ನುಣುಪು ಮಾಡುತ್ತಿದ್ದ. ಆಮೇಲೆ ಮುಂಗಾಲಿನ ಇಕ್ಕಳದ ತುದಿಯಿಂದ ಸಾಲು ಸಾಲಾಗಿ ಬರೆಯುತ್ತಿದ್ದ. ಏಡಿ ನಡೆಯುವುದೇ ಅಡ್ಡಡ್ಡ, ಹಾಗಾಗಿ ಅವನ ಸಾಲುಗಳು ಗೆರೆ ಎಳೆದಷ್ಟು ನೇರವಾಗಿ ಬರುತ್ತಿದ್ದವು.

ಬರೆಯುವುದಕ್ಕೆ ವಿಷಯ ಬೇಕಾದಷ್ಟಿತ್ತು. ಮೀನು ಕಣ್ಣು ಮುಚ್ಚದೆ ಹೇಗೆ ನಿದ್ದೆ ಮಾಡುತ್ತದೆ ಅಂತ ಒಂದು ದಿನ ಬರೆದರೆ, ಚಿಪ್ಪು ಕಳಚುವಾಗ ಚಿಕ್ಕಪ್ಪ ಅವಸರ ಮಾಡಿ ಒಂದು ಕಾಲನ್ನು ಹಳೆಯ ಚಿಪ್ಪಿನಲ್ಲೇ ಬಿಟ್ಟು ಬಂದ ಕತೆ ಮರುದಿನ. ಬೆಳಿಗ್ಗೆ ನೀರಿಗೆ ಬಂದವರು ಸುತ್ತ ನಿಂತು ಓದಿಕೊಂಡು ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಹಿಂಡುಗಳ ಕಾಲ್ತುಳಿತಕ್ಕೆ ಎಲ್ಲ ಅಳಿಸಿಹೋಗುತ್ತಿತ್ತು. ಮರುದಿನ ಮತ್ತೆ ಹೊಸದು.

ನಮ್ಮ ಕಡೆ ಕೆಲವರು ಬ್ಲಾಗು ಬರೆಯುತ್ತಾರಲ್ಲ, ಇದೂ ಅದೇ. ಅವರಿಗೆ ಕಂಪ್ಯೂಟರು, ಇವನಿಗೆ ಕೆಸರು, ಅಷ್ಟೇ. ಬ್ಲಾಗು ಓದಿದವರು ಕೆಳಗೆ ಕಾಮೆಂಟು ಹಾಕುವಂತೆ ಇಲ್ಲೂ ಓದಿದವರು ಕೆಳಗಿನ ಜಾಗದಲ್ಲಿ ಏನಾದರೂ ಗೀಚಬಹುದಿತ್ತು. ಕಾಡಿನವರು ಅದಕ್ಕೆ ಅಡಿಮಾತು ಎನ್ನುತ್ತಿದ್ದರು.

ಒಂದು ತೊಂದರೆ ಏನಂದರೆ, ಪ್ರಾಣಿಗಳು ಓದುವಾಗ ಚಿಪ್ಪಯ್ಯ ಹೊರಗೆ ಇರುವಂತಿರಲಿಲ್ಲ. ಅಷ್ಟೊಂದು ಗೊರಸುಗಳ ನಡುವೆ ನಿಂತರೆ ಅಪ್ಪಚ್ಚಿಯಾಗಬೇಕಾದೀತು. ಅದಕ್ಕೆ ಅವನು ಬಿಲದ ಆಳದಲ್ಲಿ ಕುಳಿತು, ತಲೆಯ ಮೇಲೆ ಕಾಲುಗಳ ಸದ್ದು ನಿಂತ ಮೇಲೆ ಬರುತ್ತಿದ್ದ. ಯಾರು ನಕ್ಕರು, ಯಾರು ಮೂಗು ಮುರಿದರು, ಒಂದೂ ಅವನಿಗೆ ಕಾಣುತ್ತಿರಲಿಲ್ಲ. ಯಾರಾದರೂ ಓದಿದರು ಅಂತ ಗೊತ್ತಾಗಲು ಅವನಿಗೆ ಇದ್ದದ್ದು ಅಡಿಮಾತು ಒಂದೇ.

ಮೊದಮೊದಲು ಅಡಿಮಾತುಗಳು ಬಂದವು ಕೂಡ.

ಒಂದು ದಿನ ಮೊಲ ಬಂದು ‘ಚೆನ್ನಾಗಿದೆ’ ಎಂದು ಬರೆದು ಹೋಯಿತು. ಚಿಪ್ಪಯ್ಯನಿಗೆ ಖುಷಿಯೇನೋ ಆಯಿತು. ಆದರೆ ಸುಮ್ಮನಿರಬೇಕಲ್ಲ! ಅದರ ಕೆಳಗೆ ಬರೆದ: ‘ಏನು ಚೆನ್ನಾಗಿದೆ? ಯಾಕೆ ಚೆನ್ನಾಗಿದೆ? ಬಿಡಿಸಿ ಹೇಳಲು ಬಾರದವರು ಬರೆಯಬಾರದು.’

ಇನ್ನೊಂದು ದಿನ ಕಪ್ಪೆ ಬಂದು ತನ್ನ ಬಾಲ ಉದುರಿದ ದಿನದ ಕತೆಯನ್ನು ಹನ್ನೆರಡು ಸಾಲು ಬರೆದಳು. ಪಾಪ, ಚಿಕ್ಕಪ್ಪನ ಕಾಲಿನ ಕತೆ ಓದಿ ಅವಳಿಗೆ ತನ್ನ ಬಾಲ ನೆನಪಾಗಿತ್ತು. ಚಿಪ್ಪಯ್ಯ ಅದಕ್ಕೆ ಅಡ್ಡಗೆರೆ ಎಳೆದು, ‘ಇದು ನನ್ನ ಚಿಕ್ಕಪ್ಪನ ಕತೆ. ನಿಮ್ಮ ಬಾಲಕ್ಕೆ ಬೇರೆ ಕೆಸರು ನೋಡಿಕೊಳ್ಳಿ’ ಎಂದು ಬರೆದ.

ಕಾಡುಹಂದಿ ಕೋರೆಯಣ್ಣನದಂತೂ ಕೇಳಲೇಬೇಡಿ. ‘ಈ ವರ್ಷ ಮೊದಲು ಅರಳಿದ್ದು ಉತ್ತರದ ಮೂಲೆಯ ತಾವರೆ’ ಎಂದು ಚಿಪ್ಪಯ್ಯ ಬರೆದಿದ್ದ. ಕೋರೆಯಣ್ಣ ಗೊರಸಿನಿಂದ, ‘ಇಲ್ಲ ಸ್ವಾಮಿ, ದಕ್ಷಿಣದ್ದು. ನಾನು ಅಲ್ಲೇ ಮಲಗಿದ್ದೆ’ ಎಂದು ಬರೆದ. ಅವನು ಹೇಳಿದ್ದು ನಿಜವೇ. ಆದರೂ ಚಿಪ್ಪಯ್ಯ ಇಪ್ಪತ್ತೆರಡು ಸಾಲಿನ ಉತ್ತರ ಕೊಟ್ಟ. ಅದರ ಕೊನೆಯ ಸಾಲು ಹೀಗಿತ್ತು: ‘ಮಲಗಿದ್ದವರಿಗೆ ಅರಳಿದ್ದು ಹೇಗೆ ಕಂಡಿತೋ!’ ಅದನ್ನು ಓದಿ ಅರ್ಧ ಕಾಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೋರೆಯಣ್ಣ ಎರಡು ದಿನ ನೀರಿಗೇ ಬರಲಿಲ್ಲ.

ಅಷ್ಟರಲ್ಲಿ ಒಂದು ಗುಳ್ಳೆನರಿ ಬಂದು, ಓದದೆ ಗೀದದೆ, ‘ನನ್ನ ಗುಹೆಗೆ ಬನ್ನಿ, ಊಟ ಉಚಿತ, ಇಲಿಗಳಿಗೆ ಮೊದಲ ಆದ್ಯತೆ’ ಎಂದು ಬರೆದು ಹೋಯಿತು. ಪುಣ್ಯಕ್ಕೆ ಯಾವ ಇಲಿಯೂ ಹೋಗಲಿಲ್ಲ. ಚಿಪ್ಪಯ್ಯನಿಗೆ ಮಾತ್ರ ರೇಗಿತು. ಹೊಂಗೆಮರದ ಪಕ್ಕದ ದಿಬ್ಬಕ್ಕೆ ಕೆಸರು ಮೆತ್ತಿ ಒಂದು ಬೋರ್ಡು ಮಾಡಿದ. ಅದರಲ್ಲಿ ಹೀಗೆ ಕೆತ್ತಿದ:

‘ಅಡಿಮಾತು ಹಾಕುವವರು ಕಾಲು ತೊಳೆದು ಒರೆಸಿಕೊಂಡು ಬರಬೇಕು. ತಮ್ಮ ಹೆಸರು, ತಂದೆಯ ಹೆಸರು, ವಾಸದ ಪೊದೆ ತಿಳಿಸಬೇಕು. ತಾವು ಗುಳ್ಳೆನರಿ ಅಲ್ಲವೆಂದು ತೋರಿಸಲು ಪಕ್ಕದ ಜೊಂಡಿನಲ್ಲಿ ಎಷ್ಟು ದಂಟುಗಳಿವೆ ಎಂದು ಎಣಿಸಿ ಬರೆಯಬೇಕು. ನಾನು ನೋಡಿ ಒಪ್ಪಿದ್ದನ್ನು ಮಾತ್ರ ಉಳಿಸಲಾಗುವುದು.’

ಅವತ್ತಿನಿಂದ ಅಡಿಮಾತುಗಳು ನಿಂತವು ನೋಡಿ. ಒಂದು ವಾರ ಇಲ್ಲ. ಒಂದು ತಿಂಗಳು ಇಲ್ಲ. ಚಿಪ್ಪಯ್ಯ ದಿನವೂ ಬಿಲದಿಂದ ಹೊರಗೆ ಬಂದು, ಎರಡು ಕಣ್ಣುಗಳನ್ನೂ ಉದ್ದಕ್ಕೆ ಚಾಚಿ ಕೆಳಗಿನ ಜಾಗ ನೋಡುತ್ತಿದ್ದ. ಬರೀ ಹೆಜ್ಜೆಗುರುತು. ಅವನ ಮನಸ್ಸು ಸಣ್ಣಗಾಗುತ್ತಿತ್ತು.

ಪಕ್ಕದ ಜೊಂಡಿನಲ್ಲಿ ಗೂಡು ಮಾಡಿಕೊಂಡಿದ್ದ ಹುಂಡುಕೋಳಿ ಜೊಂಡಕ್ಕನ ಹತ್ತಿರ ಅವನು ತನ್ನ ದುಃಖ ತೋಡಿಕೊಂಡ.

“ಈ ಕಾಡಿನವರಿಗೆ ಓದುವ ಅಭ್ಯಾಸವೇ ಇಲ್ಲ ಜೊಂಡಕ್ಕ. ನಾನು ಯಾರಿಗಾಗಿ ಬರೀಬೇಕು ಹೇಳು?”

“ಅಯ್ಯೋ, ಇಷ್ಟೊಂದು ಹೆಜ್ಜೆ ಇದೆಯಲ್ಲೋ ಅಣ್ಣ!”

“ನೀರು ಕುಡಿಯೋಕೆ ಬಂದವರ ಹೆಜ್ಜೆ ಅದು.”

“ನೀರಿರೋದು ಆ ಕಡೆ. ಹೆಜ್ಜೆ ಇರೋದು ನಿನ್ನ ಬರಹದ ಸುತ್ತ” ಎಂದಳು ಜೊಂಡಕ್ಕ. “ನನಗಂತೂ ಓದೋಕೆ ಬರಲ್ಲ. ಆದ್ರೆ ಓದೋರ ಮುಖ ನೋಡ್ತೀನಿ. ಮೊನ್ನೆ ಎಲ್ರೂ ನಗ್ತಾ ಇದ್ರು. ಹಿಂದುಗಡೆ ಒಬ್ಬಳು ನಿಂತಿರ್ತಾಳೆ, ಅವಳು ನಕ್ಕರೆ ಕಿವಿ ಎರಡೂ ಅಲ್ಲಾಡ್ತವೆ.”

“ನಕ್ಕರೆ ನನಗೇನು ಬಂತು? ಬರೆದು ಹೋಗಬೇಕು. ನಾಳೆ ಒಂದೇ ಒಂದು ಅಡಿಮಾತು ಬರದಿದ್ರೆ ಮುಗೀತು, ನಾನು ಬರೆಯೋದನ್ನೇ ಬಿಡ್ತೀನಿ. ನಾನೂ ಹುಳ ಹುಡುಕ್ಕೊಂಡು ಇರ್ತೀನಿ.”

ಜೊಂಡಕ್ಕ ಬೋರ್ಡಿನ ಕಡೆ ಒಮ್ಮೆ ನೋಡಿದಳು, ಅವನ ಇಕ್ಕಳದ ಕಡೆ ಒಮ್ಮೆ ನೋಡಿದಳು. ಹೇಳಿದರೆ ತನಗೂ ಬೈಗುಳವೇ ಎಂದುಕೊಂಡು ಗೂಡಿಗೆ ಹೋದಳು. ಅವಳಿಗೂ ಅವನ ಬುದ್ಧಿ ಗೊತ್ತಿತ್ತು.

ಚಿಪ್ಪಯ್ಯ ಯೋಚಿಸಿದ. ಕತೆ ಬರೆದರೆ ಬಾಯಿ ಬಿಡುವುದಿಲ್ಲ ಇವರು. ಎಲ್ಲರಿಗೂ ಉಪಯೋಗವಾಗುವ ಸಂಗತಿ ಬರೆದರೆ? ಆಗ ಒಬ್ಬರಾದರೂ ‘ಉಪಕಾರವಾಯಿತು ಚಿಪ್ಪಯ್ಯನವರೇ’ ಎನ್ನದೆ ಇರುತ್ತಾರೆಯೇ?

ಬೇಸಿಗೆ ಶುರುವಾಗಿತ್ತು. ಪೂರ್ವದ ದಂಡೆಯಲ್ಲಿ ನೂಕುನುಗ್ಗಲು, ನೀರು ಬಗ್ಗಡ. ಪಶ್ಚಿಮದ ದಂಡೆಯ ಕಡೆ ನೀರು ಕುಡಿಯಲು ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ನೀರು ತಿಳಿಯಾಗಿತ್ತು, ದಂಡೆಯ ತುಂಬ ಎಳೆ ಹುಲ್ಲಿತ್ತು. ಚಿಪ್ಪಯ್ಯ ಖುದ್ದಾಗಿ ಹೋಗಿ ಆ ಹುಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದ. ಒಂದು ಕಾಲೂ ಹೂತುಹೋಗಲಿಲ್ಲ. ನಿಂತು ಕುಣಿದ. ಆಗಲೂ ಹೂತುಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬರೆದ: ‘ಪಶ್ಚಿಮದ ದಂಡೆಗೆ ಹೋಗಿ. ನೀರು ತಿಳಿ, ಹುಲ್ಲು ಎಳೆಯದು, ನೆಲ ಗಟ್ಟಿ. ನಾನೇ ನಡೆದು ನೋಡಿದ್ದೇನೆ.’

ನಡೆದು ನೋಡಿದ್ದು ನಿಜ. ಸುಳ್ಳೇನೂ ಅಲ್ಲ. ಆದರೆ ಮಕ್ಕಳೇ, ನಡೆದದ್ದು ಯಾರು? ಅಂಗೈಯಗಲದ ಏಡಿ! ಏಡಿಯನ್ನು ಹೊತ್ತ ನೆಲ ಎಲ್ಲರನ್ನೂ ಹೊರುತ್ತದೆಯೇ ಎಂಬ ಪ್ರಶ್ನೆ ಅವನ ತಲೆಗೆ ಬರಲೇ ಇಲ್ಲ.

ಬಿಲದೊಳಗೆ ಕುಳಿತು ಅವನು ಕಿವಿಗೊಟ್ಟ. ಕಾಲುಗಳ ಸದ್ದು ಬಂತು, ನಿಂತಿತು, ಹೋಯಿತು. ಹೊರಗೆ ಬಂದು ನೋಡಿದ. ಕೆಳಗೆ ಏನೂ ಇಲ್ಲ. ಇಲ್ಲ ಅಂದರೆ, ಒಂದು ದೊಡ್ಡ ಗೊರಸು ಊರಿ, ಏನೋ ಬರೆಯಲು ಹೊರಟು, ಎತ್ತಿಕೊಂಡ ಗುರುತು ಮಾತ್ರ ಇತ್ತು.

“ಮುಗೀತು” ಎಂದ ಚಿಪ್ಪಯ್ಯ. “ಇವತ್ತಿಗೆ ಮುಗೀತು.” ಅವನಿಗೆ ಅಳು ಬಂದಿತ್ತು. ಏಡಿ ಅತ್ತರೆ ಬಾಯಿಯಲ್ಲಿ ನೊರೆ ಬರುತ್ತದೆ. ನೊರೆ ಒರೆಸಿಕೊಳ್ಳುತ್ತಾ ಬಿಲಕ್ಕೆ ಇಳಿಯುವಷ್ಟರಲ್ಲಿ ಕೊಳದ ಆಚೆಯಿಂದ ಜೊಂಡಕ್ಕ ತಾವರೆ ಎಲೆಗಳ ಮೇಲೆ ಓಡಿ ಬಂದಳು.

“ಚಿಪ್ಪಣ್ಣ! ಚಿಪ್ಪಣ್ಣ! ಬೇಗ ಬಾರೋ! ಪಶ್ಚಿಮದ ದಂಡೆಯಲ್ಲಿ ಬೊಟ್ಟಕ್ಕ ಹೂತುಕೊಂಡಿದ್ದಾಳೆ!”

“ಯಾವ ಬೊಟ್ಟಕ್ಕ?”

“ಜಿಂಕೆ ಬೊಟ್ಟಕ್ಕ ಕಣೋ! ದಿನಾ ಹಿಂದೆ ನಿಂತು ಕಿವಿ ಅಲ್ಲಾಡಿಸ್ತಾಳಲ್ಲ, ಅವಳೇ! ಹೊಟ್ಟೆ ತನಕ ಕೆಸರು!”

ಚಿಪ್ಪಯ್ಯ ಬಿಲದ ಬಾಯಿಂದ ಹಿಂತಿರುಗಿ ಓಡಿದ. ಜೊಂಡಕ್ಕನ ಬೆನ್ನೇರಿದ. ಅವಳು ರೆಕ್ಕೆ ಬಡಿದುಕೊಂಡು ಎಲೆಯಿಂದ ಎಲೆಗೆ ಹಾರಿ ಓಡಿದಳು.

ಹೋಗಿ ನೋಡಿದರೆ ಎಳೆ ಹುಲ್ಲಿನ ನಡುವೆ ಬೊಟ್ಟಕ್ಕ ನಿಂತಿದ್ದಳು. ಅವಳ ನಾಲ್ಕು ಕಾಲೂ ಕಾಣುತ್ತಿರಲಿಲ್ಲ. ಅಲುಗಾಡಿದಷ್ಟೂ ಇನ್ನಷ್ಟು ಇಳಿಯುತ್ತಿದ್ದಳು. ದಂಡೆಯ ಅಂಚಿನಲ್ಲಿ ಮೊಲ, ಕಪ್ಪೆ, ಕೋರೆಯಣ್ಣ ಎಲ್ಲ ಸೇರಿದ್ದರು. ಕೋರೆಯಣ್ಣ ಆಗಲೇ ಒಣಗಿದ ಕೊಂಬೆಗಳನ್ನು ಬಾಯಲ್ಲಿ ಕಚ್ಚಿ ತಂದು ಅವಳ ಮುಂದೆ ಹಾಸುತ್ತಿದ್ದ.

“ಕೊಂಬೆ ಮೇಲೆ ಕಾಲಿಡವ್ವ” ಎನ್ನುತ್ತಿದ್ದ.

“ಕಾಲು ಬರ್ತಾನೇ ಇಲ್ಲ ಅಣ್ಣ. ಕೆಳಗಿಂದ ಯಾರೋ ಹಿಡಿದ ಹಾಗಿದೆ” ಎಂದಳು ಬೊಟ್ಟಕ್ಕ.

ಕೆಸರು ಕಾಲನ್ನು ಹೀರಿ ಹಿಡಿಯುತ್ತದೆ. ಇದು ಚಿಪ್ಪಯ್ಯನಿಗೆ ಗೊತ್ತಿತ್ತು. ಕೆಸರಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಕ್ಕದಲ್ಲಿ ಬಿಲ ತೋಡಿ ನೀರು ಬಿಟ್ಟರೆ ಹಿಡಿತ ಸಡಿಲವಾಗುತ್ತದೆ. ಅವನು ಅವಳ ಮುಂಗಾಲಿನ ಪಕ್ಕದಲ್ಲಿ ಕೆಸರಿಗೆ ಧುಮುಕಿ, ಎರಡೂ ಇಕ್ಕಳಗಳಿಂದ ತೋಡತೊಡಗಿದ.

ಮೇಲೆ ಬೊಟ್ಟಕ್ಕನ ದನಿ ಕೇಳಿಸಿತು. “ನೀವೇನಾ ಚಿಪ್ಪಯ್ಯನವರು?”

“ಹೂಂ. ಅಲ್ಲಾಡಬೇಡಿ.”

“ನಿಮ್ಮ ಚಿಕ್ಕಪ್ಪನ ಹಾಗೆ ನಾನೂ ಒಂದು ಕಾಲು ಇಲ್ಲೇ ಬಿಟ್ಟು ಹೋಗಬೇಕೇನೋ.”

ಚಿಪ್ಪಯ್ಯನ ಇಕ್ಕಳ ನಿಂತಿತು. ಕೆಸರಿನಿಂದ ಕಣ್ಣು ಮೇಲಕ್ಕೆ ಚಾಚಿದ. “ನೀವು ಅದನ್ನ ಓದಿದ್ರಾ?”

“ದಿನಾ ಓದ್ತೀನಿ. ಮೂರು ವರ್ಷ ಆಯ್ತು. ಚಿಕ್ಕಪ್ಪನಿಗೆ ಕಾಲು ಮತ್ತೆ ಬೆಳೀತು ಅಂತ ಬರೆದಿದ್ರಲ್ಲ, ಅವತ್ತು ನಾನು ಮೇಯೋಕೂ ಹೋಗಲಿಲ್ಲ, ಅಷ್ಟು ಖುಷಿಯಾಗಿತ್ತು.” ಅವಳು ಹೆದರಿಕೆ ಮರೆಯಲು ಮಾತಾಡುತ್ತಲೇ ಇದ್ದಳು. ಮೀನಿನ ನಿದ್ದೆ, ಕೊಡತಿಹುಳುವಿನ ಜಗಳ, ಮೊದಲ ಮಳೆಗೆ ಬಿಲದಲ್ಲಿ ನೀರು ನುಗ್ಗಿದ ದಿನ, ಚಿಪ್ಪಯ್ಯ ಬರೆದು ತಾನೇ ಮರೆತದ್ದೆಲ್ಲ ಅವಳ ನಾಲಗೆಯ ಮೇಲಿತ್ತು.

ಕೆಸರಿನಲ್ಲಿ ಮುಳುಗಿ ಚಿಪ್ಪಯ್ಯ ತೋಡಿದ, ತೋಡುತ್ತಾ ಕೇಳಿದ. ಅವನಿಗೆ ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಇಂಥ ಹೊತ್ತಿನಲ್ಲಿ ಸಂತೋಷವಾಗುತ್ತಿದೆಯಲ್ಲ ಅಂತ ಇನ್ನಷ್ಟು ನಾಚಿಕೆಯಾಯಿತು.

ಕೊನೆಗೆ ತಡೆಯಲಾರದೆ ಕೇಳಿದ: “ಮತ್ತೆ ಒಂದು ಅಡಿಮಾತು ಹಾಕಬಾರದಿತ್ತಾ ತಾಯಿ?”

“ಹೆದರಿಕೆ. ಚೆನ್ನಾಗಿದೆ ಅನ್ನೋದು ಬಿಟ್ಟು ನನಗೆ ಬೇರೇನೂ ಹೇಳೋಕೆ ಬರಲ್ಲ. ಮೊಲಕ್ಕೆ ನೀವು ಬೈದದ್ದು ನೋಡಿದ್ದೆ.”

ಚಿಪ್ಪಯ್ಯ ಇನ್ನೂ ಜೋರಾಗಿ ತೋಡಿದ. ಒಂದು ಬಿಲ, ಎರಡು ಬಿಲ, ನಾಲ್ಕು ಕಾಲಿಗೆ ನಾಲ್ಕು ಬಿಲ. ಕೊಳದ ನೀರು ಗುಳುಗುಳು ಎಂದು ಇಳಿಯಿತು. ಕೆಸರು ‘ಪ್ಚಕ್’ ಎಂದು ಸದ್ದು ಮಾಡಿತು. ಬೊಟ್ಟಕ್ಕನ ಒಂದು ಮುಂಗಾಲು ಮೇಲೆದ್ದು ಕೊಂಬೆಯ ಮೇಲೆ ನಿಂತಿತು. ಇನ್ನೊಂದೂ ಬಂತು. ಕೋರೆಯಣ್ಣ ಕೊಂಬೆಗಳ ಮೇಲೆ ಹೆಜ್ಜೆಯಿಟ್ಟು ಹಿಂದಿನಿಂದ ಹೋಗಿ ಮೂತಿಯಿಂದ ಒಮ್ಮೆ ಬಲವಾಗಿ ತಳ್ಳಿದ. ಬೊಟ್ಟಕ್ಕ ಗಟ್ಟಿ ನೆಲಕ್ಕೆ ಬಂದು ಬಿದ್ದಳು. ನಾಲ್ಕೂ ಕಾಲು ನೆಟ್ಟಗಿದ್ದವು. ದಂಡೆಯಲ್ಲಿದ್ದವರೆಲ್ಲ ಹೋ ಎಂದು ಕೂಗಿದರು.

ಎಲ್ಲರೂ ಮೈ ತೊಳೆದುಕೊಂಡು ಪೂರ್ವದ ದಂಡೆಯ ಹೊಂಗೆಯ ನೆರಳಿಗೆ ಬಂದು ಕುಳಿತರು. ಚಿಪ್ಪಯ್ಯ ಮೊಟ್ಟಮೊದಲ ಬಾರಿಗೆ ತನ್ನ ಓದುಗರ ನಡುವೆ ನಿಂತಿದ್ದ. ಯಾರೂ ಅವನನ್ನು ತುಳಿಯಲಿಲ್ಲ, ಜಾಗ ಬಿಟ್ಟು ಕುಳಿತಿದ್ದರು.

“ತಪ್ಪು ನನ್ನದು” ಎಂದ. “ನಾನು ನಡೆದರೆ ನೆಲ ಗಟ್ಟಿ ಅಂತ ತಿಳಿದೆ. ಆದರೆ ಕೋರೆಯಣ್ಣ, ನೀವು ದಿನಾ ಆ ಕಡೆ ಕೆಸರಲ್ಲಿ ಹೊರಳ್ತೀರಿ. ಅದು ಕಾಲಿಟ್ಟರೆ ಕುಸಿಯೋ ಹುದುಲು ಅಂತ ನಿಮಗೆ ಗೊತ್ತಿರಲಿಲ್ವಾ?”

ಕೋರೆಯಣ್ಣ ನೆಲ ನೋಡಿದ. “ಗೊತ್ತಿತ್ತು ಸ್ವಾಮಿ. ಬೆಳಗ್ಗೆ ಓದಿದ ಕೂಡಲೇ ಬರೆಯೋಣ ಅಂತ ಗೊರಸು ಊರಿದೆ. ಆಗ ತಾವರೆ ವಿಷಯ ನೆನಪಾಯ್ತು. ಆದರೂ ಹೋಗ್ಲಿ, ಬರೆಯಲೇಬೇಕು ಅಂದ್ಕೊಂಡೆ. ನಿಮ್ಮ ಬೋರ್ಡು ಕಾಣ್ತು. ಕಾಲು ತೊಳೆದೆ. ಅಪ್ಪನ ಹೆಸರು ನೆನಪು ಮಾಡ್ಕೊಂಡೆ. ಜೊಂಡು ಎಣಿಸೋಕೆ ಕೂತೆ. ನಲವತ್ತರ ತನಕ ಬಂದಿದ್ದೆ, ಗಾಳಿ ಬೀಸಿ ಎಲ್ಲ ಕಲಸಿಹೋಯ್ತು. ಹಾಳಾಗ್ಲಿ ಅಂತ ಎದ್ದು ಹೋದೆ. ಈಕೆ ಆ ಕಡೆ ಹೋಗ್ತಾಳೆ ಅಂತ ನನಗೇನು ಗೊತ್ತಿತ್ತು?”

ಕಪ್ಪೆಗೆ ತಡೆಯಲಾಗಲಿಲ್ಲ, ಫಕ್ಕನೆ ನಕ್ಕಳು. “ನಾನು ಅರವತ್ತೆರಡರ ತನಕ ಎಣಿಸಿದ್ದೆ” ಎಂದಳು. ಆಗ ಎಲ್ಲರೂ ನಕ್ಕರು, ಕೋರೆಯಣ್ಣನೂ ನಕ್ಕ. ಹಿಂದೆ ಕುಳಿತಿದ್ದ ಬೊಟ್ಟಕ್ಕನ ಕಿವಿ ಎರಡೂ ಅಲ್ಲಾಡಿದವು. ಚಿಪ್ಪಯ್ಯ ಅದನ್ನು ಕಣ್ಣಾರೆ ನೋಡಿದ.

ನಕ್ಕವರ ನಡುವೆ ಆಮೆ ನಿಧಾನಜ್ಜ ಮಾತ್ರ ಸುಮ್ಮನೆ ಕುಳಿತಿದ್ದ. ಚಿಪ್ಪಯ್ಯ ಅವನ ಕಡೆ ತಿರುಗಿದ. “ಅಜ್ಜ, ನಿಮಗೂ ನನ್ನ ಹೆದರಿಕೆಯಾ?”

“ನಿನ್ನ ಹೆದರಿಕೆ ನನಗ್ಯಾಕಪ್ಪ? ನನ್ನ ಬೆನ್ನು ನೋಡು, ನಿನ್ನ ಇಕ್ಕಳ ಮುರಿದೀತು” ಎಂದ ನಿಧಾನಜ್ಜ. “ನಾನು ಈ ತುದಿಯಿಂದ ಆ ತುದಿಗೆ ಓದಿಕೊಂಡು ಹೋಗೋ ಹೊತ್ತಿಗೆ ಸಂಜೆ ಆಗುತ್ತೆ. ಮರುದಿನ ನೀನು ಹೊಸದು ಬರೆದಿರ್ತೀಯ. ಅದನ್ನ ಓದೋಕೆ ಶುರು ಮಾಡ್ತೀನಿ. ಬರೆಯೋಕೆ ಪುರುಸೊತ್ತೆಲ್ಲಿದೆ? ಅಲ್ಲದೆ, ಊಟ ರುಚಿಯಾಗಿತ್ತು ಅಂದ್ರೆ ನಾನು ಸುಮ್ಮನೆ ಹೊರಳಿ ಮಲಗೋನು. ಅಡುಗೆಯವರಿಗೆ ಕಾಗದ ಬರೆಯೋನಲ್ಲ.”

ಚಿಪ್ಪಯ್ಯ ದಿಬ್ಬದ ಹತ್ತಿರ ಹೋಗಿ ಹೊಟ್ಟೆಯಿಂದ ಉಜ್ಜಿ ಬೋರ್ಡನ್ನು ಅಳಿಸಿಹಾಕಿದ.

“ಗುಳ್ಳೆನರಿ ಬಂದ್ರೆ?” ಎಂದಿತು ಮೊಲ.

“ಬಂದ್ರೆ ಅದು ಬರೆದದ್ದನ್ನ ಅಳಿಸ್ತೀನಿ. ಅದೊಂದಕ್ಕೋಸ್ಕರ ನಿಮ್ಮೆಲ್ಲರ ಕೈಲಿ ಜೊಂಡು ಎಣಿಸಲ್ಲ.”

ಮರುದಿನ ಬೆಳಿಗ್ಗೆ ಚಿಪ್ಪಯ್ಯ ಬರೆದ: ‘ನಿನ್ನೆ ನಾನು ಬರೆದದ್ದು ತಪ್ಪು. ಪಶ್ಚಿಮದ ದಂಡೆ ಹುದುಲು, ಆ ಕಡೆ ಹೋಗಬೇಡಿ. ಇದು ಕೋರೆಯಣ್ಣನಿಗೆ ಗೊತ್ತಿತ್ತು. ಈ ವರ್ಷ ಮೊದಲು ಅರಳಿದ್ದು ದಕ್ಷಿಣದ ತಾವರೆ. ಅದೂ ಕೋರೆಯಣ್ಣನಿಗೆ ಗೊತ್ತಿತ್ತು.’ ಕೆಳಗೆ ಅಗಲವಾದ ನುಣುಪು ಜಾಗ ಬಿಟ್ಟು ಬಿಲಕ್ಕೆ ಇಳಿದ.

ಸದ್ದು ನಿಂತ ಮೇಲೆ ಹೊರಗೆ ಬಂದ. ಕೋರೆಯಣ್ಣ ದೊಡ್ಡ ಅಕ್ಷರದಲ್ಲಿ ‘ಹೋಗಲಿ ಬಿಡಿ ಸ್ವಾಮಿ’ ಎಂದು ಬರೆದಿದ್ದ. ಕಪ್ಪೆ ತನ್ನ ಬಾಲದ ಕತೆಯನ್ನು ಮತ್ತೆ ಬರೆದಿದ್ದಳು, ಈ ಸಲ ಹದಿನಾಲ್ಕು ಸಾಲು. ಚಿಪ್ಪಯ್ಯ ಪೂರ್ತಿ ಓದಿದ. ಕತೆ ಚೆನ್ನಾಗಿಯೇ ಇತ್ತು! ಅದರ ಕೆಳಗೆ, ‘ಆಮೇಲೆ ಏನಾಯಿತು?’ ಎಂದು ಬರೆದ. ಉಳಿದವರು ಏನೂ ಬರೆಯದೆ ಓದಿ ಹೋಗಿದ್ದರು. ಹೆಜ್ಜೆಗುರುತುಗಳನ್ನು ಅವನು ಒಂದೊಂದಾಗಿ ನೋಡಿದ. ಇದು ಮೊಲ. ಇದು ನಿಧಾನಜ್ಜ, ಇನ್ನೂ ಎರಡನೆಯ ಸಾಲಿನಲ್ಲೇ ಇದ್ದಾನೆ.

ಎಲ್ಲಕ್ಕಿಂತ ಕೆಳಗೆ, ಒಂದು ಮೂಲೆಯಲ್ಲಿ, ಪುಟ್ಟ ಅಕ್ಷರದಲ್ಲಿ ಒಂದೇ ಒಂದು ಮಾತಿತ್ತು: ‘ಚೆನ್ನಾಗಿದೆ.’ ಪಕ್ಕದಲ್ಲಿ ಜಿಂಕೆಯ ಗೊರಸಿನ ಗುರುತು.

ಚಿಪ್ಪಯ್ಯನ ಇಕ್ಕಳ ಹಳೆಯ ಅಭ್ಯಾಸದಂತೆ ಮೇಲೆದ್ದಿತು. ಏನು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಎಂದು ಕೇಳುವ ತುರಿಕೆ. ಅವನು ಇಕ್ಕಳ ಮಡಚಿಕೊಂಡು, ಅದರ ಪಕ್ಕದಲ್ಲಿ ಕುಳಿತು ಬಿಸಿಲು ಕಾಯಿಸಿದ.

ಅವತ್ತು ಸಂಜೆ ಹಿಂಡುಗಳು ಬಂದಾಗ ಜೊಂಡಕ್ಕ ಆ ಮೂಲೆಯಲ್ಲಿ ರೆಕ್ಕೆ ಬಿಚ್ಚಿ ನಿಂತು ಯಾರೂ ತುಳಿಯದಂತೆ ನೋಡಿಕೊಂಡಳು. ಮಾರನೆಯ ದಿನ ಚಿಪ್ಪಯ್ಯ ಕೆಸರನ್ನೆಲ್ಲ ಉಜ್ಜಿ ನುಣುಪು ಮಾಡಿದ. ಆ ಮೂಲೆಯೊಂದನ್ನು ಮಾತ್ರ ಮುಟ್ಟಲಿಲ್ಲ. ಹೊಸ ಕತೆಯನ್ನು ಅದರ ಸುತ್ತ ಬರೆದ.

ನೀತಿ: ನಾಲ್ಕು ಮಾತು ಬೇಕೆನ್ನುವವರು ಮಾತಾಡಿದವರನ್ನು ಚಿವುಟಬಾರದು, ಸುಮ್ಮನೆ ಓದಿ ಹೋದವರೂ ನಮ್ಮವರೇ ಎಂಬುದನ್ನು ಮರೆಯಬಾರದು.